ಉದ್ದ ಹದಿನಾಲ್ಕು, ಅಗಲ ಒಂದೂವರೆ

ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಹಿಂಬದಿಗೆ ಒಂದು ಗ್ಯಾಲರಿ ಇದೆ. ಉದ್ದ 14 ಅಡಿ, ಅಗಲ 3 ಅಡಿ. ಮುಂಬಯಿಯಲ್ಲಿ ಸಂಸಾರ ಹೂಡಿದವರಿಗೆ ಅದರ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಬಟ್ಟೆ ಒಣಗಿಸುವ ಹಗ್ಗ, ತುಳಸಿ ಕುಂಡ, ಊರಿನಿಂದ ಬಂದ ಉಪ್ಪಿನಕಾಯಿ ಜಾಡಿ, ಮುಂದಿನ ವರ್ಗಾವಣೆಗೆಂದು ಕಾದಿಟ್ಟ ಖಾಲಿ ಪೆಟ್ಟಿಗೆಗಳು, ಇಷ್ಟೂ ಅಲ್ಲಿಯೇ. ಹೋದ ವರ್ಷ ಇದರ ಮೇಲೆ ಹೊಸ ಹಕ್ಕುದಾರರೊಬ್ಬರು ಹುಟ್ಟಿಕೊಂಡರು. ನನ್ನ ಭಾವಮೈದುನ ಪರದೇಶದಿಂದ ಬರುವಾಗ ಮಗನಿಗೆಂದು ಒಂದು ಎಲೆಕ್ಟ್ರಿಕ್ ರೈಲಿನ ಸೆಟ್ಟು ತಂದುಕೊಟ್ಟ. ಒಂದು ಎಂಜಿನು, ಮೂರು ಡಬ್ಬಿ, ಹಳಿಯ ತುಂಡುಗಳು. ಜೋಡಿಸಿದರೆ ಒಂದು ವೃತ್ತ.

ವೃತ್ತವನ್ನು ನಡುಮನೆಯ ನೆಲದ ಮೇಲೆ ಹಾಸಿದೆವು. ರೈಲು ಸುತ್ತಿತು, ಸುತ್ತಿತು, ಇನ್ನೂ ಸುತ್ತಿತು. ಕುರ್ಚಿಯಲ್ಲಿ ಕೂತಿದ್ದ ನಮ್ಮ ಅಪ್ಪಯ್ಯ ಬಹಳ ಹೊತ್ತು ನೋಡಿದರು. ಅವರು ಮೈಸೂರು ಕಡೆಯ ಮೀಟರ್‌ಗೇಜ್ ಸ್ಟೇಷನ್ನುಗಳಲ್ಲಿ ಪಾಯಿಂಟ್ಸ್‌ಮನ್ ಆಗಿ ದುಡಿದು, ಕೊನೆಯ ವರ್ಷಗಳನ್ನು ತಾಳಗುಪ್ಪದ ಲೈನಿನಲ್ಲಿ ಕಳೆದು ನಿವೃತ್ತರಾದವರು. ಅಮ್ಮ ಹೋದ ಮೇಲೆ ನಮ್ಮಲ್ಲಿಗೆ ಬಂದಿದ್ದಾರೆ. ಬಂದಾಗಿನಿಂದ ಮಾತು ಕಡಿಮೆ. ಆ ದಿನ ಮಾತ್ರ ಮೊಮ್ಮಗನನ್ನು ಕೇಳಿದರು:

"ಇದು ಯಾವೂರಿಗೆ ಹೋಗ್ತದೆ?"

"ಎಲ್ಲಿಗೂ ಹೋಗಲ್ಲ ಅಜ್ಜ, ಸುತ್ತುತ್ತೆ."

"ಹಂಗಾರೆ ಟಿಕೀಟು ಎಂತಕ್ಕೆ?"

ಮಗ ನಕ್ಕುಬಿಟ್ಟ. ನಾನು ನಗಲಿಲ್ಲ. ಆಟಿಕೆ ರೈಲುಗಳ ಚರಿತ್ರೆಯನ್ನು ಓದುತ್ತ ಹೋದ ಹಾಗೆ ನನಗೆ ತಿಳಿದುಬಂದದ್ದು ಇಷ್ಟು: ಅಪ್ಪಯ್ಯ ಕೇಳಿದ ಪ್ರಶ್ನೆಯನ್ನು ಇಂಗ್ಲೆಂಡ್ ಅಮೆರಿಕಗಳ ಹವ್ಯಾಸಿಗಳು ತಮ್ಮತಮ್ಮೊಳಗೇ ಕೇಳಿಕೊಳ್ಳುವುದಕ್ಕೆ ಸುಮಾರು ಐವತ್ತು ವರ್ಷ ಹಿಡಿಯಿತು. ಕೇಳುವಂತೆ ಮಾಡಿದ್ದರಲ್ಲಿ ಜಾಗದ ಇಕ್ಕಟ್ಟಿನ ಪಾಲು ಸಣ್ಣದಲ್ಲ.

ಮೊದಲಿನಿಂದ ಹೇಳುತ್ತೇನೆ. ಗಾಡಿಯನ್ನು ನೆಲದ ಮೇಲೆ ಎಳೆದಾಡುವ ಆಟಿಕೆ ರೈಲುಗಳು ನಿಜವಾದ ರೈಲಿನಷ್ಟೇ ಹಳೆಯವು. ಆದರೆ ಹಳಿ, ಗಾಡಿ, ಪಾಯಿಂಟುಗಳನ್ನು ಒಂದು ಪದ್ಧತಿಯಾಗಿ ಮಾಡಿ, ಈ ವರ್ಷ ಒಂದಿಷ್ಟು ಕೊಂಡು ಮುಂದಿನ ವರ್ಷ ಇನ್ನಷ್ಟು ಸೇರಿಸಿಕೊಳ್ಳಬಹುದು ಎಂದು ತೋರಿಸಿದ ಕೀರ್ತಿ ಜರ್ಮನಿಯ ಗ್ಯೋಪಿಂಗೆನ್ ಊರಿನ ಮೆರ್ಕ್ಲಿನ್ ಕಂಪನಿಯದು. 1891ರ ಲೈಪ್‌ಜಿಗ್ ಸಂತೆಯಲ್ಲಿ ಅವರು ಅದನ್ನು ಪ್ರದರ್ಶಿಸಿದರು. ಗೇಜುಗಳಿಗೆ ಅಂಕಿ ಕೊಡುವ ರೂಢಿಯೂ ಅವರಿಂದಲೇ ಬಂತು. ಇಂಗ್ಲೆಂಡಿನಲ್ಲಿ ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್, ಆಮೇಲೆ 1920ರಲ್ಲಿ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಇದೇ ದಾರಿ ಹಿಡಿದರು. ಹಾರ್ನ್‌ಬಿ ಎಂದರೆ ಮೆಕ್ಯಾನೋ ಆಟದ ಜನಕನೇ. ಆ ಕಾಲದ ಜನಪ್ರಿಯ ಗೇಜು ಸೊನ್ನೆ, ಅಂದರೆ ಹಳಿಗಳ ನಡುವೆ 32 ಮಿಲಿಮೀಟರ್. ಗಾಡಿಗೆ ಕೀಲಿ ಕೊಟ್ಟು ಬಿಟ್ಟರೆ ಸುರುಳಿ ಬಿಚ್ಚುವವರೆಗೂ ಅದು ಓಡಲೇಬೇಕು. ನೇರ ಹಳಿಯಾದರೆ ಗೋಡೆಗೆ ಬಡಿಯುತ್ತದೆ. ಆದ್ದರಿಂದ ವೃತ್ತ. ವೃತ್ತ ಹುಟ್ಟಿದ್ದು ಹೀಗೆ, ಕೀಲಿಯ ಅನಿವಾರ್ಯದಿಂದ. ವಿದ್ಯುತ್ತು ಬಂದು, ಬೇಕೆಂದಲ್ಲಿ ನಿಲ್ಲಿಸುವ ಅನುಕೂಲವಾದ ಮೇಲೂ ಸುತ್ತುವ ಚಾಳಿ ಮಾತ್ರ ಬಿಡಲಿಲ್ಲ.

ವೃತ್ತಕ್ಕೆ ಜಾಗ ಬೇಕು. ಈಗ ಮಾರುಕಟ್ಟೆಯಲ್ಲಿ ಸಿಗುವ ಹಾರ್ನ್‌ಬಿ ಸೆಟ್ಟುಗಳ ಅತಿ ಬಿಗಿಯಾದ ತಿರುವಿನ ತ್ರಿಜ್ಯ 371 ಮಿಲಿಮೀಟರ್. ವ್ಯಾಸ 74 ಸೆಂಟಿಮೀಟರ್. ಅಂಚಿಗೆ ಸ್ವಲ್ಪ ಬಿಟ್ಟರೆ ಎರಡು ಮುಕ್ಕಾಲು ಅಡಿ. ನಮ್ಮ ಗ್ಯಾಲರಿಯ ಅಗಲ 3 ಅಡಿ ಎಂದೆನಲ್ಲ? ವೃತ್ತವೇನೋ ಕೂರುತ್ತದೆ, ಆದರೆ ಅದನ್ನು ನೋಡುವವರು ಕಿಟಕಿಯ ಹೊರಗೆ ತೇಲಬೇಕಾಗುತ್ತದೆ. ಮನುಷ್ಯ ನಿಲ್ಲಲು ಒಂದೂವರೆ ಅಡಿ ಬಿಟ್ಟರೆ ರೈಲಿಗೆ ಉಳಿಯುವುದು ಒಂದೂವರೆ ಅಡಿ ಅಗಲದ ಹಲಗೆ, ಅಷ್ಟೇ.

ಈ ತೊಂದರೆಗೆ ಮೊದಲು ಹೊಳೆದ ಪರಿಹಾರ ರೈಲನ್ನೇ ಚಿಕ್ಕದು ಮಾಡುವುದು. 1922ರಲ್ಲಿ ಜರ್ಮನಿಯ ಬಿಂಗ್ ಕಂಪನಿ ಊಟದ ಮೇಜಿನ ಮೇಲೆ ಓಡುವ ರೈಲನ್ನು ತಂದಿತು. ಅದರ ಗೇಜು ಸೊನ್ನೆಯ ಹೆಚ್ಚುಕಡಿಮೆ ಅರ್ಧ. 1938ರಲ್ಲಿ ಹಾರ್ನ್‌ಬಿಯವರ ಡಬ್ಲೋ ಬಂತು. ಗೇಜು 16.5 ಮಿಲಿಮೀಟರಿಗೆ ನಿಂತಿತು. 1960ರ ದಶಕದ ಆರಂಭದಲ್ಲಿ ನ್ಯೂರೆಂಬರ್ಗಿನ ಆರ್ನಾಲ್ಡ್ ಕಂಪನಿ 9 ಮಿಲಿಮೀಟರಿನ ಎನ್ ಗೇಜನ್ನು ಪ್ರಚಾರಕ್ಕೆ ತಂದಿತು. 1972ರಲ್ಲಿ ಮೆರ್ಕ್ಲಿನ್‌ನವರು ಇನ್ನೂ ಕೆಳಗಿಳಿದು ಆರೂವರೆ ಮಿಲಿಮೀಟರಿಗೆ ಬಂದರು. ನಿಜವಾದ ಗಾಡಿಯ 220ರಲ್ಲಿ ಒಂದು ಪಾಲು! ನನ್ನಂಥ ಕನ್ನಡಕದವರಿಗೆ ಅದು ಹಳಿಯ ಮೇಲಿದೆಯೋ ಕೆಳಗಿದೆಯೋ ತಿಳಿಯುವುದು ಕಷ್ಟ.

ನಡುವೆ ಒಂದು ತಮಾಷೆಯ ವಿಷಯವನ್ನು ಹೇಳಿಬಿಡುತ್ತೇನೆ, ಮುಂದೆ ಅದರ ಪ್ರಯೋಜನವಿದೆ. ಯುರೋಪಿನ ಸ್ಟ್ಯಾಂಡರ್ಡ್ ಗೇಜು 1435 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ ಸರಿಯಾಗಿ 16.5 ಬರುತ್ತದೆ. ಜರ್ಮನ್ನರೂ ಅಮೆರಿಕನ್ನರೂ ಇದೇ ಪ್ರಮಾಣವನ್ನು ಹಿಡಿದರು. ಆದರೆ ಬ್ರಿಟಿಷ್ ಎಂಜಿನುಗಳು ಗಾತ್ರದಲ್ಲಿ ಚಿಕ್ಕವು. 87ರ ಪ್ರಮಾಣಕ್ಕೆ ಇಳಿಸಿದರೆ ಅಂದಿನ ಮೋಟಾರು ಅದರ ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ. ಆದ್ದರಿಂದ ಅವರು ಗಾಡಿಯನ್ನು 76ರ ಪ್ರಮಾಣಕ್ಕೆ ಹಿಗ್ಗಿಸಿ, ಹಳಿಯನ್ನು ಮಾತ್ರ 16.5ರಲ್ಲೇ ಉಳಿಸಿಕೊಂಡರು. ಲೆಕ್ಕದ ಪ್ರಕಾರ ಹಳಿ 18.83 ಇರಬೇಕಾಗಿತ್ತು. ಹೀಗೆ ಇಂಗ್ಲೆಂಡಿನ ಬಹುಪಾಲು ಮಾದರಿ ರೈಲುಗಳು ಇಂದಿಗೂ ತಪ್ಪು ಗೇಜಿನ ಮೇಲೆ ಓಡುತ್ತಿವೆ. ಅದರಿಂದ ಯಾರ ನಿದ್ದೆಯೂ ಕೆಟ್ಟಿಲ್ಲ ಎನ್ನುವಂತಿಲ್ಲ. ಕೆಟ್ಟವರು 18ರ ಗೇಜು, 18.83ರ ಗೇಜು ಎಂದು ಬೇರೆ ಪಂಥಗಳನ್ನೇ ಕಟ್ಟಿಕೊಂಡಿದ್ದಾರೆ. ನಮ್ಮಲ್ಲಿ ಮಾತ್ರ ಮಠಗಳು ಒಡೆಯುತ್ತವೆ ಎಂದು ತಿಳಿದಿದ್ದೆ.

ಚಿಕ್ಕದು ಮಾಡಿದರೆ ಇಕ್ಕಟ್ಟು ಪರಿಹಾರವಾಗುವುದೇ? ಅರ್ಧ ಮಾತ್ರ. ಇಂದಿನ 24 ಡಬ್ಬಿಗಳ ಎಕ್ಸ್‌ಪ್ರೆಸ್ ಗಾಡಿ ಎಂಜಿನ್ ಸೇರಿ ಸುಮಾರು 550 ಮೀಟರ್ ಉದ್ದ. 87ರಿಂದ ಭಾಗಿಸಿ ನೋಡಿ, 6 ಮೀಟರ್ ಮೀರುತ್ತದೆ. ನಮ್ಮ ಗ್ಯಾಲರಿಯ 14 ಅಡಿ ಎಂದರೆ 4 ಮೀಟರ್ 27 ಸೆಂಟಿಮೀಟರ್. ಗಾಡಿಯ ಬಾಲ ಅಡಿಗೆಮನೆ ದಾಟುತ್ತದೆ. ಎನ್ ಗೇಜಿನ 160ರ ಪ್ರಮಾಣದಲ್ಲಿ ಅದೇ ಗಾಡಿ ಮೂರೂವರೆ ಮೀಟರಿನೊಳಗೆ ಹಿಡಿಸುತ್ತದೆ. ಹಿಡಿಸಿತು, ನಿಜ. ಆದರೆ ನಿಂತಲ್ಲೇ ನಿಂತಿರಬೇಕು, ಓಡಲು ದಾರಿಯೆಲ್ಲಿದೆ? ನಿಜವಾದ ರೈಲು ಮೂಲತಃ ಉದ್ದದ ಪದಾರ್ಥ. ಅದಕ್ಕೆ ಅಗಲ ಬೇಡ. ಕಿಲೋಮೀಟರುಗಟ್ಟಲೆ ಉದ್ದಕ್ಕೆ ಹತ್ತಿಪ್ಪತ್ತು ಮೀಟರ್ ಪಟ್ಟಿ ಇದ್ದರಾಯಿತು. ಹಾಗೆ ನೋಡಿದರೆ ನಮ್ಮ ಗ್ಯಾಲರಿ ಊಟದ ಮೇಜಿಗಿಂತ ಹೆಚ್ಚು ರೈಲಿನ ಆಕಾರದ್ದೇ. ಈ ಮಾತು ಹವ್ಯಾಸಿಗಳಿಗೆ ಹೊಳೆದಂದಿನಿಂದ ಚರಿತ್ರೆ ಬೇರೆ ದಾರಿ ಹಿಡಿಯಿತು.

ಅಮೆರಿಕದ ನ್ಯೂ ಆರ್ಲಿಯನ್ಸಿನ ಫ್ರಾಂಕ್ ಎಲಿಸನ್ 1940ರ ದಶಕದಲ್ಲಿ ಒಂದು ಲೇಖನಮಾಲೆ ಬರೆದರು. ಮಾದರಿ ರೈಲನ್ನು ಅವರು ಆಟಿಕೆ ಎನ್ನಲಿಲ್ಲ, ಯಂತ್ರ ಎನ್ನಲಿಲ್ಲ, ನಾಟಕ ಎಂದರು. ಹಲಗೆಯೇ ರಂಗ, ಗಾಡಿಗಳು ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥೆ. ಒಂದು ಗಾಡಿ ಬರಬೇಕು, ತನ್ನ ಕೆಲಸ ಮಾಡಬೇಕು, ಹೋಗಬೇಕು. ಬಂದವನೇ ಮತ್ತೆ ಮತ್ತೆ ಸುತ್ತಿ ಬರುತ್ತಿದ್ದರೆ ಪ್ರೇಕ್ಷಕ ಎದ್ದು ಹೋಗುತ್ತಾನೆ.

ಇದನ್ನು ಅಪ್ಪಯ್ಯನಿಗೆ ಓದಿ ಹೇಳಿದಾಗ ಅವರು ತಕ್ಷಣ, "ಹಂಗಾರೆ ಚೌಕಿ ಎಲ್ಲಿ?" ಎಂದರು. ಯಕ್ಷಗಾನ ನೋಡಿ ಬೆಳೆದ ಸಾಗರ ಸೀಮೆಯವರಲ್ಲವೇ! ವೇಷ ಕಟ್ಟಿಕೊಂಡವರು ಸರದಿ ಬರುವವರೆಗೆ ಕೂತಿರುವ ಚೌಕಿಮನೆ ಇಲ್ಲದೆ ಆಟ ನಡೆಯುವುದಾದರೂ ಹೇಗೆ? ಆಶ್ಚರ್ಯವೆಂದರೆ ಇಂಗ್ಲಿಷ್ ಹವ್ಯಾಸಿಗಳು ಕಂಡುಕೊಂಡ ಉಪಾಯವೂ ಅದೇ. ಅವರು ಅದನ್ನು ಫಿಡಲ್ ಯಾರ್ಡ್ ಎನ್ನುತ್ತಾರೆ. ಪಿಟೀಲಿಗೂ ಅದಕ್ಕೂ ಸಂಬಂಧವಿಲ್ಲ, ಕೈಯಿಂದ ಅದನ್ನಿದನ್ನು ಎತ್ತಿಡುತ್ತಿರುವ ಜಾಗ ಎಂದರ್ಥ. ಹಲಗೆಯ ಒಂದು ತುದಿಯಲ್ಲಿ ಕಣ್ಣಿಗೆ ಕಾಣುವ ಸ್ಟೇಷನ್. ಇನ್ನೊಂದು ತುದಿಯಲ್ಲಿ ಗುಡ್ಡದ ಹಿಂದೆಯೋ ರಸ್ತೆ ಸೇತುವೆಯ ಹಿಂದೆಯೋ ಮರೆಮಾಡಿದ ಬರಿಯ ಹಳಿಗಳು. ಪ್ರಪಂಚದ ಉಳಿದೆಲ್ಲ ಊರುಗಳೂ ಆ ಮರೆಯಲ್ಲಿವೆ ಎಂದು ಭಾವಿಸಬೇಕು. ಗಾಡಿ ಸೇತುವೆಯಡಿ ನುಗ್ಗಿ ಮಾಯವಾದರೆ ಮದರಾಸಿಗೆ ಹೋಯಿತೆನ್ನಿ, ಮೀರಜಿಗೆ ಹೋಯಿತೆನ್ನಿ. ಅಪ್ಪಯ್ಯನ "ಯಾವೂರಿಗೆ" ಎಂಬ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತು.

ಈ ಉಪಾಯವನ್ನು ಸಾಮಾನ್ಯರ ಮನೆಗೆ ಮುಟ್ಟಿಸಿದವರಲ್ಲಿ ಸಿರಿಲ್ ಫ್ರೀಜರ್ ಅವರ ಹೆಸರನ್ನು ಮೊದಲು ಹೇಳಬೇಕು. ಇಂಗ್ಲೆಂಡಿನ 'ರೈಲ್ವೆ ಮಾಡೆಲರ್' ಮಾಸಪತ್ರಿಕೆಯ ಸಂಪಾದಕರಾಗಿದ್ದವರು. ಆ ಪತ್ರಿಕೆಯ ಕೆಲವು ಹಳೆಯ ಸಂಚಿಕೆಗಳು ನನಗೆ ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಸಿಕ್ಕವು. ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಮನೆಗಳಿಗೆ ಬರ, ಇದ್ದ ಮನೆಗಳಲ್ಲಿ ಕೋಣೆಗಳಿಗೆ ಬರ. ಅಂಥ ಓದುಗರಿಗಾಗಿ ಫ್ರೀಜರ್ ಪುಟ್ಟ ಪುಟ್ಟ ಯೋಜನೆಗಳನ್ನು ಬರೆದು ಪ್ರಕಟಿಸುತ್ತಿದ್ದರು. ಅವುಗಳಲ್ಲಿ 1957ರಲ್ಲಿ ಬಂದದ್ದು 'ಮಿನರೀಸ್'. ಏಳು ಅಡಿಯ ಆಸುಪಾಸು ಉದ್ದ, ಒಂದು ಅಡಿಯೂ ಇಲ್ಲದ ಅಗಲ. ನಡುವೆ ಮಡಿಸಿ ಕಪಾಟಿನ ಪಕ್ಕದಲ್ಲಿ ನಿಲ್ಲಿಸಬಹುದು. ಅಷ್ಟರಲ್ಲಿ ಒಂದು ಮಹಾನಗರದ ಕೊನೆಯ ಸ್ಟೇಷನ್!

ಹೆಸರಿನ ಬಗ್ಗೆ ಒಂದು ಮಾತು. ಮಿನರೀಸ್ ಎಂಬುದು ಲಂಡನ್ನಿನ ಹಳೆಯ ಪೇಟೆಯ ಒಂದು ಬೀದಿ. ಅದೇ ಹೆಸರಿನ ನಿಜವಾದ ಸ್ಟೇಷನ್ನೂ ಒಂದಿತ್ತು. 1840ರಲ್ಲಿ ತೆರೆದು, 1853ರಲ್ಲಿ ಮುಚ್ಚಿಹೋಯಿತು. ನಮ್ಮ ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಹೊರಟ ವರ್ಷವೂ ಅದೇ. ಫ್ರೀಜರರ ಸ್ಟೇಷನ್ ಮಾತ್ರ ಪೂರ್ತಿ ಕಾಲ್ಪನಿಕ.

ಅದರ ವಿಶೇಷ ತಿಳಿಯಬೇಕಾದರೆ ಚರ್ಚ್‌ಗೇಟನ್ನು ನೆನೆಯಿರಿ. ದಿನವೂ ಅಲ್ಲಿ ಇಳಿಯುವವರು ನಮ್ಮಲ್ಲಿ ಎಷ್ಟು ಮಂದಿ! ಪ್ಲಾಟ್‌ಫಾರ್ಮುಗಳು ನಾಲ್ಕೇ. ಗಾಡಿ ಬರುತ್ತದೆ, ಮುಂದೆ ದಾರಿಯಿಲ್ಲ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. 1928ರಲ್ಲಿ ಆ ಲೈನಿಗೆ ವಿದ್ಯುತ್ತು ಬಂದ ಮೇಲೆ ಎರಡೂ ತುದಿಗೆ ಡ್ರೈವರನ ಕೋಣೆ ಇರುವುದರಿಂದ ಡ್ರೈವರ್ ಈ ತುದಿಯಿಂದ ಆ ತುದಿಗೆ ನಡೆದರೆ ಕೆಲಸ ಮುಗಿಯಿತು. ಉಗಿ ಎಂಜಿನಿನ ಕಾಲದಲ್ಲಿ ಹಾಗಲ್ಲ. ಬಂದ ಎಂಜಿನು ಗೋಡೆಗೂ ಡಬ್ಬಿಗಳಿಗೂ ನಡುವೆ ಸಿಕ್ಕಿಬೀಳುತ್ತದೆ. ಇನ್ನೊಂದು ಎಂಜಿನು ಹಿಂಬದಿಗೆ ಬಂದು ಡಬ್ಬಿಗಳನ್ನು ಎಳೆದೊಯ್ದ ಮೇಲೆಯೇ ಮೊದಲನೆಯದಕ್ಕೆ ಬಿಡುಗಡೆ. ಅದು ಹೊರಬಂದು, ಮುಂದಿನ ಗಾಡಿಗಾಗಿ ಕಾಯುತ್ತದೆ. ಹೀಗೆ ಮೂರು ಎಂಜಿನು, ನಾಲ್ಕೈದು ಡಬ್ಬಿ ಇದ್ದರೆ ಇಡೀ ಸಂಜೆ ಒಬ್ಬ ಮನುಷ್ಯನಿಗೆ ಕೈತುಂಬ ಕೆಲಸ. ಮಿನರೀಸಿನಲ್ಲಿ ಪ್ಲಾಟ್‌ಫಾರ್ಮು ಮೂರು, ಬರುವ ಹೋಗುವ ಲೈನು ಎರಡು. ಬೆರಳೆಣಿಕೆಯ ಪಾಯಿಂಟುಗಳಲ್ಲಿ ಯಾವ ಗಾಡಿ ಬೇಕಾದರೂ ಯಾವ ಪ್ಲಾಟ್‌ಫಾರ್ಮಿಗೂ ಬರಬಹುದು, ಎಲ್ಲಿಂದಲೂ ಹೊರಡಬಹುದು.

ಇಕ್ಕಟ್ಟಿನಲ್ಲಿ ಪಾಯಿಂಟು ಜೋಡಿಸುವುದೇ ದೊಡ್ಡ ಪೇಚು. ಗಾಡಿ ಎಡಕ್ಕೆ ಹೊರಳಿ ತಕ್ಷಣ ಬಲಕ್ಕೆ ಹೊರಳಬೇಕಾಗಿ ಬಂದರೆ ಪಕ್ಕಪಕ್ಕದ ಎರಡು ಡಬ್ಬಿಗಳ ತುದಿಗಳು ಒಂದು ಆಚೆ, ಒಂದು ಈಚೆ ಸರಿದು ಬಫರುಗಳು ಸಿಕ್ಕಿಕೊಳ್ಳುತ್ತವೆ, ಗಾಡಿ ಹಳಿ ತಪ್ಪುತ್ತದೆ. ನಡುವೆ ಒಂದು ಡಬ್ಬಿಯಷ್ಟು ನೇರ ಹಳಿ ಹಾಕಿದರೆ ಸರಿಹೋಗುತ್ತದೆ, ಆದರೆ ಅಷ್ಟು ಉದ್ದ ಎಲ್ಲಿಂದ ತರುವುದು? ಫ್ರೀಜರ್ ಪಾಯಿಂಟುಗಳ ದಿಕ್ಕನ್ನೇ ಹಿಂದುಮುಂದು ಮಾಡಿ, ಹೆಚ್ಚಿನ ದಾರಿಗಳಲ್ಲಿ ಈ ಸರ್ಪಗತಿ ಬಾರದಂತೆ ಜೋಡಿಸಿದರು. ನೋಡಲು ಸರಳ. ನಾನು ಕಾಗದದ ಮೇಲೆ ಅದನ್ನೇ ಸ್ವಂತವಾಗಿ ಬರೆಯಲು ಹೋಗಿ ಒಂದು ಭಾನುವಾರ ಕಳೆದುಕೊಂಡೆ. ಆಗಲೇ ಅವರ ಮೇಲೆ ನನಗೆ ನಿಜವಾದ ಗೌರವ ಹುಟ್ಟಿದ್ದು.

ಇನ್ನೊಬ್ಬರು ಪಾದ್ರಿ ಪೀಟರ್ ಡೆನ್ನಿ. 1940ರ ದಶಕದಲ್ಲಿ ಅವರು ಬಕಿಂಗ್‌ಹ್ಯಾಮ್ ಎಂಬ ಸ್ಟೇಷನ್ನಿನ ಮಾದರಿಯನ್ನು ಕಟ್ಟಲಾರಂಭಿಸಿದರು. 1907ರ ಸುಮಾರಿನ ಗ್ರೇಟ್ ಸೆಂಟ್ರಲ್ ರೈಲ್ವೆಯ ಕಾಲ ಅದರಲ್ಲಿ ಮೂಡಿದೆ. ದಶಕಗಳ ಕಾಲ ಅದನ್ನು ಬೆಳೆಸುತ್ತಲೇ ಹೋದರು. ಊರಿಂದೂರಿಗೆ ಹೋಗಬೇಕಾದ ವೃತ್ತಿ, ರೈಲೂ ಅವರೊಂದಿಗೆ ಹೋಯಿತು. ನಿಜವಾದ ರೈಲ್ವೆಯ ಹಾಗೆ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಗಂಟೆ ಬಾರಿಸಿ ಗಾಡಿ ಬಿಡುವುದು ಅವರ ಪದ್ಧತಿ. ಅದಕ್ಕೆ ಇಬ್ಬರು ಬೇಕು. ಇನ್ನೊಂದು ತುದಿಯಲ್ಲಿ ಮಗ ಕ್ರಿಸ್ಪಿನ್ ಇರುತ್ತಿದ್ದ. ಮಗ ಯಾವಾಗಲೂ ಕೈಗೆ ಸಿಗುತ್ತಾನೆಯೇ? ಅವನಿಲ್ಲದಾಗ ಗಂಟೆಗೆ ಉತ್ತರ ಕೊಟ್ಟು ಗಾಡಿ ಕಳಿಸಲು ಡೆನ್ನಿ ಒಂದು ಯಂತ್ರ ಮಾಡಿಕೊಂಡರು. ಅದಕ್ಕೆ ಇಟ್ಟ ಹೆಸರು 'ಸ್ವಯಂಚಾಲಿತ ಕ್ರಿಸ್ಪಿನ್'. ಇದನ್ನು ಓದಿದಾಗ ನನಗೆ ನಗು ಬಂತು. ಆಮೇಲೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ನನ್ನ ಮಗ ಈಗ ಎಂಟನೆಯ ತರಗತಿ. ಇನ್ನು ನಾಲ್ಕೈದು ವರ್ಷ ಗಂಟೆಗೆ ಉತ್ತರ ಕೊಟ್ಟಾನು. ಅಪ್ಪಯ್ಯ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಅಲೆಯುತ್ತಿದ್ದಾಗ ನಾನು ಹಾಸ್ಟೆಲಿನಲ್ಲಿ ಓದಿ, ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು ಈ ಊರಿಗೆ ಬಂದವನು. ಅವರ ಗಂಟೆಗೆ ನಾನು ಎಂದೂ ಉತ್ತರ ಕೊಟ್ಟವನಲ್ಲ.

ಇರಲಿ. ಪೂರ್ತಿ ಸ್ಟೇಷನ್ನಿಗೂ ಜಾಗವಿಲ್ಲದವರ ಕಥೆ ಇನ್ನೂ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಅಲನ್ ರೈಟ್ ಎಂಬವರು 'ಇಂಗಲ್‌ನುಕ್' ಎಂಬ ಗೂಡ್ಸ್ ಯಾರ್ಡನ್ನು ಮಾಡಿದರು. ಪಾಯಿಂಟುಗಳು ಎರಡೇ, ಸೈಡಿಂಗು ಮೂರು. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನು ಆಡುವ ತುದಿಯಲ್ಲಿ ಎಂಜಿನಿನ ಜೊತೆಗೆ ಮೂರೇ ವ್ಯಾಗನಿಗೆ ಜಾಗ. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಐದನ್ನು ಆರಿಸಬೇಕು, ಚೀಟಿ ಬಂದ ಕ್ರಮದಲ್ಲೇ ಅವನ್ನು ಜೋಡಿಸಿ ನಿಲ್ಲಿಸಬೇಕು. ನಾಲ್ಕೈದು ಅಡಿಯ ಹಲಗೆ ಸಾಕು. ಎಷ್ಟು ಬಗೆಯ ಗಾಡಿ ಬರಬಹುದು? ಎಂಟು ಗುಣಿಸು ಏಳು ಗುಣಿಸು ಆರು ಗುಣಿಸು ಐದು ಗುಣಿಸು ನಾಲ್ಕು. 6,720. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷ! ಅಮೆರಿಕದ ಜಾನ್ ಅಲೆನ್ 1972ರಲ್ಲಿ ಇಂಥದೇ ಇನ್ನೊಂದು ಒಗಟನ್ನು 'ಟೈಮ್‌ಸೇವರ್' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅವರ ಸ್ವಂತ ರೈಲ್ವೆ ನೆಲಮಾಳಿಗೆ ತುಂಬ ಹರಡಿದ ಬೆಟ್ಟಗಳ ಬೃಹತ್ ಸಾಮ್ರಾಜ್ಯ. 1973ರ ಜನವರಿಯಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಹಲಗೆಯ ಮೇಲಿನ ಆ ಪುಟ್ಟ ಒಗಟನ್ನು ಮಾತ್ರ ಜನ ಇಂದಿಗೂ ಆಡುತ್ತಿದ್ದಾರೆ.

ಇಂಗಲ್‌ನುಕ್ ಆಟವನ್ನು ನಾನು ಬೆಂಕಿಪೊಟ್ಟಣಗಳಿಂದ ಮೇಜಿನ ಮೇಲೆ ಮಾಡಿ ತೋರಿಸಿದೆ. ನಾನೂ ಮಗನೂ ಹತ್ತಿಪ್ಪತ್ತು ಸಲ ಹಿಂದೆ ಮುಂದೆ ತಳ್ಳಾಡಿದೆವು. ಅಪ್ಪಯ್ಯ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಸ್ವಲ್ಪ ನೋಡಿ, ಕಡ್ಡಿಪೆಟ್ಟಿಗೆಗಳನ್ನು ಎತ್ತದೆ, ಬೆರಳಿಂದ ತಳ್ಳಿ, ಎಂಟೋ ಒಂಬತ್ತೋ ಸಲದಲ್ಲಿ ಮುಗಿಸಿಬಿಟ್ಟರು. "ದಿನಾ ಮಾಡಿದ್ದೇ ಅಲ್ಲವೇನೋ" ಎಂದರು. ಅವರ ಕೆಲಸದಲ್ಲಿ ಇಷ್ಟು ಲೆಕ್ಕವಿತ್ತೆಂದು ನನಗೆ ನಲವತ್ತು ದಾಟಿದ ಮೇಲೆ ತಿಳಿಯಿತು.

ಅಂದಿನಿಂದ ಯೋಜನೆ ಅವರ ಕೈಗೆ ಹೋಯಿತು. ಪುಣೆಯಲ್ಲಿ 1998ರಲ್ಲಿ ತೆರೆದ ಜೋಶಿಯವರ ಪುಟಾಣಿ ರೈಲ್ವೆ ಸಂಗ್ರಹಾಲಯವನ್ನು ನೋಡಿ ಬಂದಿದ್ದ ಮಗನಿಗೆ ಊರು ಕೇರಿ ಸರ್ಕಸ್ಸು ಎಲ್ಲವೂ ಬೇಕಿತ್ತು. ಅಜ್ಜ ಒಂದೇ ಸ್ಟೇಷನ್ನಿಗೆ ಇಳಿಸಿದರು: ತಾಳಗುಪ್ಪ. ಜೋಗಕ್ಕೆ ಹತ್ತಿರದ, ಲೈನು ಮುಗಿಯುವ ಊರು. ಯೋಚಿಸಿ ನೋಡಿದರೆ ಅದಕ್ಕಿಂತ ಒಳ್ಳೆಯ ಆಯ್ಕೆಯಿಲ್ಲ. ಒಂದೇ ಲೈನು ಬರುತ್ತದೆ, ಮುಂದೆ ಹೋಗುವುದಿಲ್ಲ. ಗಾಡಿ ಚಿಕ್ಕದು. ನಾಲ್ಕು ಡಬ್ಬಿ, ಒಂದು ಮೀಟರ್‌ಗೇಜ್ ಎಂಜಿನು ಸೇರಿ ಹೆಚ್ಚೆಂದರೆ 100 ಮೀಟರ್. 87ರಿಂದ ಭಾಗಿಸಿದರೆ 115 ಸೆಂಟಿಮೀಟರ್. ಆ ಲೈನಿನಲ್ಲಿ ಓಡುತ್ತಿದ್ದ ರೈಲ್‌ಬಸ್ಸಾದರೆ ಅಂಗೈಯಲ್ಲೇ ಹಿಡಿಸೀತು.

ಲೆಕ್ಕ ಹೀಗಿದೆ. ಎಡತುದಿಯಿಂದ 122 ಸೆಂಟಿಮೀಟರ್ ಚೌಕಿ. ಅಲ್ಲಿ ಪಾಯಿಂಟುಗಳಿಲ್ಲ. ಹಳಿ ಬಡಿದ ಮೂರು ಮರದ ಪಟ್ಟಿಗಳು ಮಾತ್ರ, ಗಾಡಿಯ ಸಮೇತ ಪಟ್ಟಿಯನ್ನೇ ಸರಿಸಿ ಲೈನಿಗೆ ಕೂಡಿಸುವುದು. ಪಾಯಿಂಟು ಒಂದಕ್ಕೆ 22 ಸೆಂಟಿಮೀಟರ್ ಬೇಕು, ಅಷ್ಟನ್ನು ಕಾಣದ ಜಾಗಕ್ಕೆ ಸುರಿಯುವುದು ದಂಡ. ಸೇತುವೆ ದಾಟಿದ ಮೇಲೆ 99 ಸೆಂಟಿಮೀಟರ್ ಬಯಲು. ಆಮೇಲೆ ಗೂಡ್ಸ್ ಸೈಡಿಂಗಿನ ಪಾಯಿಂಟು, ಲೂಪಿನ ಪಾಯಿಂಟು, 115ರ ಪ್ಲಾಟ್‌ಫಾರ್ಮು, ಎಂಜಿನು ಕಳಚಿಕೊಂಡು ಹಿಂದೆ ಹೋಗಲು ಇನ್ನೊಂದು ಪಾಯಿಂಟು, ಕೊನೆಗೆ ಎಂಜಿನು ನಿಲ್ಲಲು 25. ಕೂಡಿಸಿ ನೋಡಿ, 427. ಒಂದು ಸೆಂಟಿಮೀಟರೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಜೆಟ್ ವಿಭಾಗದಲ್ಲಿ ಕೆಲಸ ಮಾಡಿದ್ದು ಸಾರ್ಥಕವಾಯಿತು.

ನಮ್ಮದು ವರ್ಗಾವಣೆಯ ನೌಕರಿ, ಕ್ವಾರ್ಟರ್ಸು ನಮ್ಮದಲ್ಲ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಆದ್ದರಿಂದ ಹಲಗೆಯನ್ನು 4 ಅಡಿ 8 ಅಂಗುಲದ ಮೂರು ತುಂಡು ಮಾಡಿ ಬೋಲ್ಟು ಹಾಕುವುದೆಂದಾಯಿತು. ಲಿಫ್ಟಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಹಿಡಿಸುತ್ತದೆ. ತುಂಡುಗಳು ಕೂಡುವ ಜಾಗ 142ರಲ್ಲೊಂದು, 284ರಲ್ಲೊಂದು. ಎರಡೂ ಕಡೆ ಮೇಲಿರುವುದು ನೇರ ಹಳಿ, ಪಾಯಿಂಟಲ್ಲ. ಇದು ನನ್ನ ಜಾಣತನವಲ್ಲ, ಅದೃಷ್ಟ. ಮನೆಯಾಕೆಯ ಷರತ್ತುಗಳು ಮೂರು: ಹಗ್ಗ ಹಲಗೆಯ ಮೇಲೆಯೇ ಇರತಕ್ಕದ್ದು, ತುಳಸಿಗೆ ಬಿಸಿಲು ತಪ್ಪತಕ್ಕದ್ದಲ್ಲ, ಮಳೆಗಾಲದ ನಾಲ್ಕು ತಿಂಗಳು ಇಡೀ ರೈಲ್ವೆ ಮಂಚದ ಕೆಳಗೆ. ಒಪ್ಪಿ ಸಹಿ ಹಾಕಿದ್ದೇನೆ.

ತಗಾದೆ ಎದ್ದದ್ದು ಗೇಜಿನಲ್ಲಿ. ಮಗನ ಹಳಿ 16.5. ಅದು 87ರ ಪ್ರಮಾಣಕ್ಕೆ ಮೀಟರ್‌ಗೇಜೂ ಅಲ್ಲ, ನಮ್ಮ ಬ್ರಾಡ್‌ಗೇಜೂ ಅಲ್ಲ. ಮೀಟರ್‌ಗೇಜಿಗೆ 12 ಮಿಲಿಮೀಟರಿನ ಹಳಿ ಹೆಚ್ಚುಕಡಿಮೆ ಸರಿಹೋಗುತ್ತದೆ, ಆದರೆ ಎಲ್ಲವನ್ನೂ ಹೊಸದಾಗಿ ತರಿಸಬೇಕು. ನನ್ನ ಸಂಬಳಕ್ಕೆ ಅದು ಮೀರಿದ್ದು. "ತಾಳಗುಪ್ಪ ಈಗ ಬ್ರಾಡ್‌ಗೇಜೇ ಅಲ್ಲವಾ ಅಜ್ಜ?" ಎಂದ ಮಗ. ನಿಜ. 2010ರ ಆಸುಪಾಸಿನಲ್ಲಿ ಆ ಮೀಟರ್‌ಗೇಜ್ ಹಳಿಗಳನ್ನು ಕಿತ್ತು ಅಗಲದವನ್ನು ಹಾಕಿದರು. ಅವನು ಕಂಡಿರುವುದು ಅದನ್ನೇ, ಮೈಸೂರಿನಿಂದ ನೇರವಾಗಿ ಬರುವ ಗಾಡಿಯನ್ನೇ. ಅಪ್ಪಯ್ಯ ಉತ್ತರ ಕೊಡಲಿಲ್ಲ. ಎರಡು ದಿನ ಗ್ಯಾಲರಿಯ ಕಡೆಗೇ ಬರಲಿಲ್ಲ.

ಮೂರನೆಯ ದಿನ ಇಂಗ್ಲಿಷರ ತಪ್ಪು ಗೇಜಿನ ಕಥೆಯನ್ನು ಅವರಿಗೆ ಹೇಳಿದೆ. ತಪ್ಪೆಂದು ಗೊತ್ತಿದ್ದೂ ಎಂಬತ್ತು ವರ್ಷಕ್ಕೂ ಮೇಲಾಗಿ ಅದರ ಮೇಲೆಯೇ ಓಡಿಸುತ್ತಿದ್ದಾರೆ ಎಂದೆ. "ಅವರಿಗೆ ಮೋಟಾರು ಹಿಡಿಸಲಿಲ್ಲ, ನಿಂಗೆ ದುಡ್ಡು ಹಿಡಿಸಲಿಲ್ಲ" ಎಂದರು. ಹಳಿ ಇದ್ದದ್ದೇ ಇರಲಿ, ಡಬ್ಬಿಯ ಮೈಯನ್ನು ರಟ್ಟಿನಲ್ಲಿ ಮೀಟರ್‌ಗೇಜಿನ ಹಾಗೆ ಮಾಡೋಣ ಎಂದು ತೀರ್ಮಾನವಾಯಿತು. ಎಂಜಿನಿಗೆ ನಂಬರು ಬರೆಯಲು ಅವರೇ ಒಪ್ಪಿದ್ದಾರೆ, ಯಾವ ನಂಬರೆಂದು ಹೇಳುತ್ತಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಒಂಟಿ ಲೈನಿನಲ್ಲಿ ಟೋಕನ್ ಇಲ್ಲದೆ ಗಾಡಿ ಹೊರಡಬಾರದು. ಹಿಂದಿನ ಸ್ಟೇಷನ್ನುಗಳ ನೀಲ್ ಯಂತ್ರದಿಂದ ಬರುತ್ತಿದ್ದ ಉಕ್ಕಿನ ಗುಂಡನ್ನು ಚೀಲದಲ್ಲಿಟ್ಟು ಡ್ರೈವರನ ಕೈಗೆ ಕೊಡುತ್ತಿದ್ದದ್ದನ್ನು ನಮ್ಮ ವಯಸ್ಸಿನ ಹಲವರು ಕಂಡಿರಬಹುದು. ಸೈಕಲ್ ರಿಪೇರಿಯವನ ಹತ್ತಿರ ಮಗ ಎರಡು ಹಳೆಯ ಬೇರಿಂಗ್ ಗುಂಡು ತಂದಿದ್ದಾನೆ. ಒಂದು ಚೌಕಿಯ ಕಡೆ ನಿಲ್ಲುವ ಅವನ ಜೇಬಿನಲ್ಲಿ, ಇನ್ನೊಂದು ಅಪ್ಪಯ್ಯನ ಕನ್ನಡಕದ ಡಬ್ಬಿಯಲ್ಲಿ. ಹಲಗೆ ಇನ್ನೂ ಬಡಗಿಯ ಅಂಗಡಿಯಲ್ಲಿದೆ.